ಅಪ್ಪನ ಜೀಪು, ಅವ್ವನ ಭುಜ

ನಮ್ಮ ಕೊಡಗಿನ ಮದುವೆಮನೆಗಳಲ್ಲಿ ನಾಲ್ಕು ಜನ ಗಂಡಸರು ಒಂದು ಕಡೆ ಕುಳಿತರೆಂದರೆ ಮಾತು ಮೂರು ವಿಷಯ ಬಿಟ್ಟು ನಾಲ್ಕನೆಯದಕ್ಕೆ ಹೋಗುವುದಿಲ್ಲ. ಮೊದಲನೆಯದು ಕಾಫಿಯ ದರ, ಎರಡನೆಯದು ತೋಟಕ್ಕೆ ನುಗ್ಗಿದ ಆನೆ, ಮೂರನೆಯದು ಜೀಪು. ಕಾಫಿಯ ಮಾತಿನಲ್ಲಿ ವ್ಯಾಪಾರಿಗಳನ್ನು ಬೈಯುತ್ತಾರೆ, ಆನೆಯ ಮಾತಿನಲ್ಲಿ ಸರ್ಕಾರವನ್ನು ಬೈಯುತ್ತಾರೆ. ಜೀಪಿನ ಮಾತು ಬಂದಾಗ ಮಾತ್ರ ಬೈಗುಳ ನಿಂತು ಭಕ್ತಿ ಶುರುವಾಗುತ್ತದೆ. “ನಮ್ಮಪ್ಪ ಕೊಂಡ ಗಾಡಿ. ಇವತ್ತಿಗೂ ಒರಿಜಿನಲ್ ಸ್ಟಿಯರಿಂಗ್. ಪವರ್ ಸ್ಟಿಯರಿಂಗ್ ಹಾಕಿಸಿದರೆ ಅದನ್ನು ಜೀಪು ಅನ್ನಬೇಕಾ?” ಎಂದು ಒಬ್ಬರು ಹೇಳಿದರೆ ಉಳಿದ ಮೂವರು ದೇವಸ್ಥಾನದಲ್ಲಿ ಗಂಟೆ ಹೊಡೆದಾಗ ತಲೆಯಾಡಿಸಿದಂತೆ ಆಡಿಸುತ್ತಾರೆ.

ಬಿ.ಎ., ಬಿ.ಎಡ್. ಮಾಡಿಕೊಂಡು ಮಕ್ಕಳಿಗೆ ಪಾಠ ಹೇಳುವ ಹೆಂಗಸಿಗೆ ಸ್ಟಿಯರಿಂಗ್ ಬಾಕ್ಸಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಿಮ್ಮ ಮನೆಯಲ್ಲಿ ಜೀಪು ಇಲ್ಲದೆಯೂ ಇರಬಹುದು. ಆದರೆ ‘ಒರಿಜಿನಲ್’ ಎಂಬ ಮಾತು ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ. ಅದು ಒರಳುಕಲ್ಲಿನ ರೂಪದಲ್ಲೋ, ಬಾವಿಯ ಹಗ್ಗದ ರೂಪದಲ್ಲೋ, ಸೌದೆ ಒಲೆಯ ಮೇಲಿನ ಪಂದಿ ಕರಿಯ ರೂಪದಲ್ಲೋ ಇರುತ್ತದೆ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಿ.

ಮೊದಲು ಆ ಯಂತ್ರ ಏನು ಎಂದು ನೋಡೋಣ. ಗೊತ್ತಿಲ್ಲದ್ದನ್ನು ಗೌರವಿಸುವುದಾಗಲಿ ಬೈಯುವುದಾಗಲಿ ಸರಿಯಲ್ಲ ಎಂದು ತರಗತಿಯಲ್ಲಿ ಹೇಳುವವಳು ನಾನು. ನಮ್ಮ ತೋಟಗಳ ಹಳೆಯ ಜೀಪು ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಸಂತತಿ. 1945ರಲ್ಲಿ ಮಹೀಂದ್ರಾ ಸಹೋದರರು ಮಲಿಕ್ ಗುಲಾಮ್ ಮಹಮ್ಮದ್ ಜೊತೆ ಸೇರಿ ‘ಮಹೀಂದ್ರಾ ಅಂಡ್ ಮಹಮ್ಮದ್’ ಎಂಬ ಕಂಪನಿ ಕಟ್ಟಿದರು. ದೇಶ ಒಡೆದಾಗ ಮಹಮ್ಮದ್ ಅವರು ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾಗಿ ಹೋದರು, ಮುಂದೆ ಅಲ್ಲಿಯ ಗವರ್ನರ್ ಜನರಲ್ ಕೂಡ ಆದರು. ಇಲ್ಲಿ ಕಂಪನಿ 1948ರಲ್ಲಿ ‘ಮಹೀಂದ್ರಾ ಅಂಡ್ ಮಹೀಂದ್ರಾ’ ಆಯಿತು. ಅದು ವಿಲ್ಲಿಸ್ ಜೀಪನ್ನು ಇಲ್ಲೇ ಜೋಡಿಸಿತು, ಆಮೇಲೆ ಇಲ್ಲೇ ತಯಾರಿಸಿತು. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು, ವರ್ಷವಿಡೀ ಏರು ಇಳಿತ ಇರುವ ನಮ್ಮ ನಾಡಿಗೆ ಅದು ಹೇಳಿ ಮಾಡಿಸಿದ ಗಾಡಿ. ನಾಲ್ಕೂ ಚಕ್ರ ಎಳೆಯುತ್ತದೆ, ಸುತ್ತಿಗೆ ಸ್ಪ್ಯಾನರ್ ಇದ್ದರೆ ರಿಪೇರಿಯಾಗುತ್ತದೆ. ಅದರ ಮೇಲಿನ ಪ್ರೀತಿಯನ್ನು ನಾನು ಹಾಸ್ಯ ಮಾಡುವುದಿಲ್ಲ. ಎಷ್ಟೋ ಮನೆಯ ಮಕ್ಕಳು ಶಾಲೆಗೆ ಬಂದದ್ದು, ಎಷ್ಟೋ ಬಾಣಂತಿಯರು ಆಸ್ಪತ್ರೆಯಿಂದ ಮನೆಗೆ ಮರಳಿದ್ದು ಅದರಲ್ಲೇ.

ಅದರ ಸ್ಟಿಯರಿಂಗ್ ಒಂದು ಸರಳವಾದ ಜಾಣತನದ ಏರ್ಪಾಡು. ಚಕ್ರದ ಕೆಳಗಿನ ಉದ್ದನೆಯ ದಂಡದ ತುದಿಯಲ್ಲಿ ತಿರುಪಿನಂತೆ ಗೀರು ಕೊರೆದ ಒಂದು ತುಂಡು ಇದೆ. ಆ ಗೀರಿನೊಳಗೆ ಒಂದು ಸನ್ನೆಯ ಎರಡು ಮೊಳೆಗಳು ಕುಳಿತಿರುತ್ತವೆ. ಚಕ್ರ ತಿರುಗಿಸಿದರೆ ಮೊಳೆಗಳು ಗೀರಿನಲ್ಲಿ ಸರಿದು ಸನ್ನೆ ಆಡುತ್ತದೆ. ಸನ್ನೆ ಒಂದು ಸಲಾಕೆಯನ್ನು ತಳ್ಳುತ್ತದೆ, ಸಲಾಕೆ ಮುಂದಿನ ಆಕ್ಸಲ್ಲಿನ ನಡುವಿನ ಬೆಲ್ ಕ್ರ್ಯಾಂಕನ್ನು ತಿರುಗಿಸುತ್ತದೆ, ಅಲ್ಲಿಂದ ಎರಡು ಟೈ ರಾಡುಗಳು ಎಡ ಬಲದ ಚಕ್ರಗಳನ್ನು ತಿರುಗಿಸುತ್ತವೆ. ಎಣ್ಣೆಯ ಪಂಪಿಲ್ಲ, ಮೋಟಾರಿಲ್ಲ. ಇಷ್ಟಕ್ಕೂ ಬಲ ಕೊಡುವುದು ಹಿಡಿದವರ ತೋಳು ಭುಜಗಳೇ. ನಡುವೆ ಎಷ್ಟು ಕೀಲುಗಳಿವೆಯೋ ಅಷ್ಟು ಕಡೆ ಸವೆತ. ಪ್ರತಿಯೊಂದರಲ್ಲೂ ಎಳ್ಳಷ್ಟು ಸಡಿಲ ಬಂದರೆ ಚಕ್ರದ ಬಳಿ ಅದು ಅಂಗೈಯಗಲ ಆಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ‘ಒರಿಜಿನಲ್ ಸ್ಟಿಯರಿಂಗ್’ ಎಂದು ಎದೆ ತಟ್ಟುವ ಮಹಾಶಯರ ಜೀಪನ್ನು ಒಮ್ಮೆ ಸುತ್ತು ಹಾಕಿ ನೋಡಿ. ಬಾನೆಟ್ಟಿನ ಕೆಳಗೆ ಕಂಪನಿ ಕೊಟ್ಟ ಪೆಟ್ರೋಲ್ ಎಂಜಿನ್ ಇಲ್ಲ, ಪೆಟ್ರೋಲ್ ಕುಡಿಯುತ್ತದೆ ಎಂದು ಅದನ್ನು ಎಂದೋ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ವಿಲ್ಲಿಸ್ ಜೀಪಿಗೆ ಬಂದದ್ದು ಆರು ಇಂಚು ಅಗಲದ, ಹದಿನಾರು ಇಂಚು ರಿಮ್ಮಿನ ಸಣಕಲು ಟೈರು. ಈಗ ಇರುವುದು ನೋಡಲು ಗತ್ತಾಗಿರುವ ದಪ್ಪ ಟೈರು. ಕ್ಯಾನ್ವಾಸು ಹೋಗಿ ತಗಡಿನ ಮಾಡು ಬಂದಿದೆ. ಹಾಡು ಕೇಳಲು ಸ್ಪೀಕರ್, ಮಂಜಿಗೆ ದೀಪ, ಆನೆಗೆಂದು ಇನ್ನೂ ಎರಡು ದೀಪ, ಮೊಬೈಲಿಗೆ ಚಾರ್ಜರ್. ಇವೆಲ್ಲ ಬದಲಾಗುವಾಗ ಅಪ್ಪನ ನೆನಪಿಗೆ ಯಾವ ಭಂಗವೂ ಬರಲಿಲ್ಲ. ಸ್ಟಿಯರಿಂಗ್ ಮುಟ್ಟಿದರೆ ಮಾತ್ರ ಅಪ್ಪನ ಆತ್ಮಕ್ಕೆ ನೋವಾಗುತ್ತದಂತೆ.

ಇದರಲ್ಲಿ ಇನ್ನೊಂದು ಚೋದ್ಯ ಇದೆ. ಮೂಲ ಎಂಜಿನ್ನಿಗಿಂತ ಭಾರದ ಡೀಸೆಲ್ ಎಂಜಿನ್ ಮುಂದಿನ ಆಕ್ಸಲ್ ಮೇಲೆ ಕುಳಿತರೆ ಮುಂದಿನ ಚಕ್ರಗಳ ಮೇಲಿನ ಹೊರೆ ಹೆಚ್ಚುತ್ತದೆ. ಟೈರು ಅಗಲವಾದಷ್ಟೂ ನಿಂತಲ್ಲಿ ತಿರುಗಿಸುವುದು ಕಷ್ಟವಾಗುತ್ತದೆ. ಅಂದರೆ ಆ ಸ್ಟಿಯರಿಂಗನ್ನು ರೂಪಿಸಿದವರು ಯಾವ ಭಾರಕ್ಕೆ, ಯಾವ ಟೈರಿಗೆ ಎಂದು ರೂಪಿಸಿದರೋ ಅದನ್ನೆಲ್ಲ ಇವರೇ ಬದಲಾಯಿಸಿದರು. ಆಮೇಲೆ ಸ್ಟಿಯರಿಂಗ್ ಒಂದನ್ನು ಮಾತ್ರ ಹಾಗೇ ಬಿಟ್ಟು ‘ಒರಿಜಿನಲ್’ ಎಂದರು. ಆ ಚಕ್ರ ಇಂದು ಕಲ್ಲಿನಂತೆ ಕೂತಿದ್ದರೆ ಆ ಭಾರ ವಿಲ್ಲಿಸ್ ಕಂಪನಿಯವರು ಕೊಟ್ಟದ್ದಲ್ಲ, ನಮ್ಮವರೇ ಸೇರಿಸಿದ್ದು.

ಹಾಗಾದರೆ ಅದೊಂದೇ ಏಕೆ ಪವಿತ್ರವಾಗಿ ಉಳಿಯಿತು? ನನಗೆ ಕಾಣುವ ಕಾರಣ ಒಂದೇ. ಪೆಟ್ರೋಲ್ ಎಂಜಿನ್ನಿನ ಖರ್ಚು ಬೀಳುವುದು ಯಜಮಾನರ ಜೇಬಿಗೆ. ಸೋರುವ ಕ್ಯಾನ್ವಾಸಿನ ಮಳೆ ಬೀಳುವುದು ಯಜಮಾನರ ತಲೆಗೆ. ಬಿಗಿ ಸ್ಟಿಯರಿಂಗ್ ಮಾತ್ರ ಯಜಮಾನರಿಗೆ ಹೆಚ್ಚು ತೊಂದರೆ ಕೊಡುವುದಿಲ್ಲ. ಕೊಡುವುದು ಮನೆಯ ಹೆಂಗಸಿಗೆ, ಅರವತ್ತು ದಾಟಿದವರಿಗೆ, ಈಗಷ್ಟೇ ಲೈಸೆನ್ಸು ಪಡೆದ ಮಗಳಿಗೆ. ಅವರು ಓಡಿಸಲಾರದೆ ಬಿಟ್ಟಾಗ “ಕುಣಿಯಲಾರದವಳಿಗೆ ನೆಲ ಡೊಂಕು” ಎಂದು ಹೇಳಲು ಗಾದೆಯೂ ಸಿದ್ಧವಾಗಿದೆ. ನೆಲ ನಿಜವಾಗಿ ಡೊಂಕಿದೆಯೇ ಎಂದು ಒಬ್ಬರೂ ಬಗ್ಗಿ ನೋಡುವುದಿಲ್ಲ.

ಅಡುಗೆಮನೆಯಲ್ಲೂ ಇದೇ ನ್ಯಾಯ. ಚಟ್ನಿ ಒರಳಲ್ಲಿ ರುಬ್ಬಿದರೇ ರುಚಿ, ಖಾರ ಕಲ್ಲಲ್ಲಿ ಅರೆದರೇ ರುಚಿ, ನೂಲ್ ಪುಟ್ಟು ಹಳೆಯ ಮರದ ಒತ್ತಿನಲ್ಲಿ ಒತ್ತಿದರೇ ಸರಿ ಎಂದು ಹೇಳುವವರು ಯಾರು? ರುಬ್ಬುವವರಲ್ಲ, ಒತ್ತುವವರಲ್ಲ, ತಟ್ಟೆಯ ಮುಂದೆ ಕುಳಿತವರು. ರುಚಿ ಇರುವುದು ಸುಳ್ಳಲ್ಲ. ಕಲ್ಲಿನ ಚಟ್ನಿಗೆ ಅದರದೇ ರುಚಿ ಇದೆ, ಹಳೆಯ ಸ್ಟಿಯರಿಂಗಿಗೂ ಅದರದೇ ಸುಖ ಇರಬಹುದು. ಆದರೆ ಸುಖ ಒಬ್ಬರದು, ಭುಜನೋವು ಇನ್ನೊಬ್ಬರದು ಎಂದಾದಾಗ ಅದನ್ನು ಸಂಪ್ರದಾಯ ಎಂದು ಕರೆದು ಸುಮ್ಮನಿರಲು ನನ್ನಿಂದಾಗದು.

ನಮ್ಮ ಸಂಬಂಧದಲ್ಲಿ ಒಬ್ಬರು ಅತ್ತಿಗೆ ಇದ್ದಾರೆ. ಸಿದ್ದಾಪುರದ ಕಡೆ ಸಣ್ಣ ತೋಟ. ಅಣ್ಣ ತೀರಿಕೊಂಡು ಕೆಲವು ವರ್ಷಗಳಾದವು. ಇಬ್ಬರು ಗಂಡುಮಕ್ಕಳು ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾರೆ, ಒಳ್ಳೆಯ ಹುಡುಗರೇ. ಕೈಲ್‌ಪೊಳ್ದಿಗೆ, ಪುತ್ತರಿಗೆ ತಪ್ಪದೆ ಬರುತ್ತಾರೆ. ಬಂದವರು ಶೆಡ್ಡಿನಿಂದ ಜೀಪು ತೆಗೆದು ತೊಳೆದು, ಹೂವು ಹಾಕಿ, ಒಂದು ಸುತ್ತು ಹೊಡೆದು, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅವರು ಓಡಿಸುವ ಕಾರುಗಳಲ್ಲಿ ಸ್ಟಿಯರಿಂಗನ್ನು ಒಂದು ಬೆರಳಿನಿಂದ ತಿರುಗಿಸಬಹುದು. ವರ್ಷದ ಉಳಿದ ದಿನ ಆ ಜೀಪಿನ ಜೊತೆ ಬದುಕುವವರು ಅತ್ತಿಗೆ. ಅವರಿಗೆ ಜೀಪು ಓಡಿಸಲು ಬರುತ್ತದೆ, ಮದುವೆಯಾದ ಹೊಸದರಲ್ಲೇ ಕಲಿತಿದ್ದರು. ಆದರೆ ಐವತ್ತೈದರ ಮೇಲೆ ಬಲ ಭುಜ ಹಿಡಿದುಕೊಂಡಿತು. ಕೈ ಹೆಗಲಿನ ಮಟ್ಟಕ್ಕೆ ಎತ್ತಲು ಆಗದು. “ಪವರ್ ಸ್ಟಿಯರಿಂಗ್ ಹಾಕಿಸೋಣ” ಎಂದು ಕೇಳಿದಾಗಲೆಲ್ಲ ಮಕ್ಕಳು, “ಅದು ಅಪ್ಪನ ಜೀಪು ಅವ್ವ, ಅದಕ್ಕೆ ಕೈ ಹಾಕಬೇಡ. ಬೇಕಾದರೆ ಡ್ರೈವರ್ ಇಟ್ಟುಕೋ” ಎನ್ನುತ್ತಿದ್ದರು.

ಡ್ರೈವರ್ ಎಂದರೆ ದಿನಗೂಲಿಯವನು. ಬೆಳಿಗ್ಗೆ ಬಂದು ಸಂಜೆ ಹೋಗುವವನು. ಒಂದು ರಾತ್ರಿ ಲೈನ್‌ಮನೆಯ ಹುಡುಗಿಗೆ ದಿನ ತುಂಬುವ ಮೊದಲೇ ನೋವು ಶುರುವಾಯಿತು. ರಸ್ತೆಯಲ್ಲಿ ಆನೆ ನಿಂತಿದೆ ಎಂದು ಆಟೋದವರು ಯಾರೂ ಬರಲೊಪ್ಪಲಿಲ್ಲ. ಅವರನ್ನು ದೂರುವಂತಿಲ್ಲ, ಅವರಿಗೂ ಮಕ್ಕಳಿದ್ದಾರೆ. ಅತ್ತಿಗೆ ಜೀಪು ಸ್ಟಾರ್ಟ್ ಮಾಡಿದರು. ಕಣದ ಅಂಚಿನಲ್ಲಿ ಮುಂದೆ ಹಿಂದೆ ಮಾಡಿ ಗಾಡಿ ತಿರುಗಿಸಬೇಕಿತ್ತು. ಭುಜ ಬರಲಿಲ್ಲ. ಆ ಹುಡುಗಿಯ ಅತ್ತೆ ಪಕ್ಕದಲ್ಲಿ ನಿಂತು ಚಕ್ರದ ಇನ್ನೊಂದು ಬದಿ ಹಿಡಿದು ಜೋತುಬಿದ್ದಳು. ಇಬ್ಬರು ಹೆಂಗಸರು ಸೇರಿ, ಎಳೆದು, ಬಿಟ್ಟು, ಮತ್ತೆ ಎಳೆದು ಗಾಡಿ ತಿರುಗಿಸುವ ಹೊತ್ತಿಗೆ ಕಾಲು ಗಂಟೆ ಕಳೆದಿತ್ತು. ದೇವರ ದಯೆ, ಆಸ್ಪತ್ರೆ ಮುಟ್ಟಿದರು, ತಾಯಿ ಮಗು ಇಬ್ಬರೂ ಉಳಿದರು. ಆದರೆ ಆ ಕಾಲು ಗಂಟೆ ದೇವರ ದಯೆಯ ಖಾತೆಗೆ ಏಕೆ ಹೋಗಬೇಕಾಗಿತ್ತು?

ಮುಂದಿನ ತಿಂಗಳು ಅತ್ತಿಗೆ ಯಾರನ್ನೂ ಕೇಳಲಿಲ್ಲ. ಮೆಕ್ಯಾನಿಕ್‌ನನ್ನು ಕರೆಸಿ ಪವರ್ ಸ್ಟಿಯರಿಂಗ್ ಹಾಕಿಸಿದರು. ಹಳೆಯ ಬಾಕ್ಸಿಗೆ ಗ್ರೀಸು ಬಳಿಸಿ, ಗೋಣಿಯಲ್ಲಿ ಸುತ್ತಿ ಅಟ್ಟದಲ್ಲಿ ಇಟ್ಟರು. ಪುತ್ತರಿಗೆ ಬಂದ ದೊಡ್ಡ ಮಗ ಮುಖ ಸಣ್ಣದು ಮಾಡಿಕೊಂಡ. ಅತ್ತಿಗೆ ಹೇಳಿದ್ದು ಇಷ್ಟೇ: “ಹಳೆಯದು ಅಟ್ಟದಲ್ಲಿದೆ. ನೀನು ಬಂದು ಇಲ್ಲಿ ನಿಂತು ಓಡಿಸುತ್ತೇನೆ ಅನ್ನು, ನಾಳೆಯೇ ಅದನ್ನು ಹಾಕಿಸುತ್ತೇನೆ.” ಆಮೇಲೆ ಆ ಮನೆಯಲ್ಲಿ ಒರಿಜಿನಲ್ ಮಾತು ಬಂದಿಲ್ಲ.

ಇನ್ನು ಎದುರು ಪಕ್ಷದವರ ಮಾತನ್ನೂ ನ್ಯಾಯವಾಗಿ ಕೇಳಬೇಕು. ಅವರ ಮಾತಿನಲ್ಲಿ ಮೂರು ಸತ್ವವುಳ್ಳವು.

ಒಂದನೆಯದು, ಹಳೆಯ ಸ್ಟಿಯರಿಂಗ್ ಕೈಗೆ ರಸ್ತೆಯ ಸುದ್ದಿ ಹೇಳುತ್ತದೆ ಎಂಬುದು. ಇದು ನಿಜ. ಜೂನ್ ತಿಂಗಳ ಜೇಡಿಯಲ್ಲಿ ಟೈರು ಜಾರಲು ತೊಡಗಿದರೆ ಚಕ್ರ ಹಗುರಾದದ್ದು ಅಂಗೈಗೆ ತಕ್ಷಣ ತಿಳಿಯುತ್ತದೆ. ನಡುವೆ ಎಣ್ಣೆಯ ಒತ್ತಡ ಬಂದರೆ ಆ ಸುದ್ದಿ ಸ್ವಲ್ಪ ಮಸುಕಾಗುತ್ತದೆ. ಹಳೆಯ ಸ್ಪೋರ್ಟ್ಸ್ ಕಾರುಗಳ ಪ್ರೇಮಿಗಳು ಹೊರದೇಶಗಳಲ್ಲಿ ಮಾಡುವ ವಾದವೂ ಇದೇ. ಅಲ್ಲಿ ಡ್ಯಾಷ್‌ಬೋರ್ಡಿನ ಕೆಳಗೆ ಕಾಣದಂತೆ ಸಣ್ಣ ವಿದ್ಯುತ್ ಮೋಟಾರ್ ಜೋಡಿಸಿ ಸ್ಟಿಯರಿಂಗ್ ಹಗುರ ಮಾಡಿಕೊಳ್ಳುವ ಸಾಮಗ್ರಿ ಸಿಗುತ್ತದೆ, ಅದನ್ನು ಹಾಕಿಸುವವರಿಗೂ ಬೈಯುವವರಿಗೂ ಜಗಳ ನಡೆದೇ ಇದೆ. ಆದರೆ ಆ ಕಾರುಗಳ ಚರಿತ್ರೆಯನ್ನೇ ನೋಡಿ. ಇಂಗ್ಲೆಂಡಿನ ಎಂ.ಜಿ. ಕಂಪನಿಯ ಟಿ.ಸಿ. ಎಂಬ ಪುಟ್ಟ ಸ್ಪೋರ್ಟ್ಸ್ ಕಾರು 1945ರಿಂದ 1949ರವರೆಗೆ ಬಂತು. ಅದಕ್ಕೆ ಇದ್ದದ್ದು ನಮ್ಮ ಜೀಪಿನ ಜಾತಿಯದೇ ಗೀರು ತಿರುಪಿನ ಸ್ಟಿಯರಿಂಗ್. ಅದರ ನಂತರದ ಟಿ.ಡಿ. ಕಾರಿಗೆ ಕಂಪನಿಯವರೇ ರ‍್ಯಾಕ್ ಅಂಡ್ ಪಿನಿಯನ್ ಹಾಕಿದರು. ಜಾಗ್ವಾರ್ ಕಂಪನಿ ತನ್ನ ಹೆಸರುವಾಸಿ ಎಕ್ಸ್.ಕೆ. 120 ಕಾರಿನ ಸ್ಟಿಯರಿಂಗನ್ನು 1954ರ ಎಕ್ಸ್.ಕೆ. 140ರಲ್ಲಿ ಹೀಗೆಯೇ ಬದಲಾಯಿಸಿತು. ಮಾಡಿದವರಿಗೇ ಸ್ಟಿಯರಿಂಗ್ ತಿದ್ದಬಾರದ ಮಂತ್ರವಾಗಿರಲಿಲ್ಲ, ಇನ್ನೂ ಚೆನ್ನಾಗಿ ಮಾಡಬೇಕಾದ ಕೆಲಸವಾಗಿತ್ತು.

ಭಾನುವಾರ ಬೆಳಿಗ್ಗೆ ಬಿಸಿಲು ಬಂದಾಗ ಮಾತ್ರ ಹೊರಬರುವ ಸ್ಪೋರ್ಟ್ಸ್ ಕಾರಿನಲ್ಲಿ ಅಂಗೈಯ ಸುಖಕ್ಕಾಗಿ ಭುಜ ನೋಯಿಸಿಕೊಳ್ಳುವವರು ನೋಯಿಸಿಕೊಳ್ಳಲಿ. ಭುಜ ಅವರದೇ, ಸುಖವೂ ಅವರದೇ, ನನ್ನ ತಕರಾರಿಲ್ಲ. ಗೊಬ್ಬರ ಹೊರುವ, ಕಾಫಿ ಮೂಟೆ ಹೊರುವ, ರೋಗಿಯನ್ನು ಹೊರುವ ಜೀಪಿಗೆ ಅದೇ ನಿಯಮ ಹಚ್ಚುವುದು ಬೇರೆ ಮಾತು.

ಎರಡನೆಯದು, ಬಿಗಿತ ಯಂತ್ರದ ದೋಷವಲ್ಲ, ನೋಡಿಕೊಳ್ಳದ್ದರ ದೋಷ ಎಂಬುದು. ಇದರಲ್ಲೂ ಹುರುಳಿದೆ. ಕಿಂಗ್‌ಪಿನ್ನಿನ ಬೇರಿಂಗು ಒಣಗಿದ್ದರೆ, ಬೆಲ್ ಕ್ರ್ಯಾಂಕಿಗೆ ವರ್ಷಗಟ್ಟಲೆ ಗ್ರೀಸು ಕಾಣದಿದ್ದರೆ, ಬಾಕ್ಸಿನಲ್ಲಿ ಎಣ್ಣೆ ಇಲ್ಲದಿದ್ದರೆ, ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಯಾವ ಸ್ಟಿಯರಿಂಗೂ ಕಲ್ಲಾಗುತ್ತದೆ. ಆದ್ದರಿಂದ ಮೊದಲು ಇದನ್ನೆಲ್ಲ ಸರಿ ಮಾಡಿಸಬೇಕು, ಮೂಲದ ಅಗಲದ ಟೈರು ಹಾಕಿಸಿ ನೋಡಬೇಕು. ಅಷ್ಟರಲ್ಲೇ ಮನೆಯ ಎಲ್ಲರ ಕೈಗೂ ಬಂದರೆ ಹಳೆಯದು ಖಂಡಿತ ಇರಲಿ. ಆದರೆ ಹೀಗೆ ವಾದಿಸುವವರು ಗತ್ತಿನ ದಪ್ಪ ಟೈರು ಇಳಿಸಲು ಒಪ್ಪುತ್ತಾರೆಯೇ ಎಂದು ಕೇಳಿ ನೋಡಿ. ಆಗ ಮಾತು ಮತ್ತೆ ಆನೆಯ ಕಡೆಗೆ ತಿರುಗುತ್ತದೆ. ಸಡಿಲದ ವಿಷಯದಲ್ಲಿ ಸರ್ಕಾರವೇ ಅಳತೆ ಕೊಟ್ಟಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದಂತೆ ಸ್ಟಿಯರಿಂಗಿನ ಆಟ 30 ಡಿಗ್ರಿ ಮೀರಬಾರದು. 30 ಡಿಗ್ರಿ ಎಂದರೆ ಗಡಿಯಾರದಲ್ಲಿ ಹನ್ನೆರಡರಿಂದ ಒಂದಕ್ಕೆ ಇರುವ ಅಂತರ. ಒರಿಜಿನಲ್ ಎನ್ನುವವರ ಎಷ್ಟು ಜೀಪುಗಳು ಈ ಪರೀಕ್ಷೆಯಲ್ಲಿ ಪಾಸಾಗುತ್ತವೋ, ಅವರವರೇ ಮನೆಯಲ್ಲಿ ನೋಡಿಕೊಳ್ಳಲಿ.

ಮೂರನೆಯದು ಕಾನೂನು. ಗಾಡಿಯನ್ನು ಬೇಕಾದಂತೆ ಬದಲಾಯಿಸುವ ಹಾಗಿಲ್ಲ ಎಂಬುದು ಸತ್ಯ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ವಿಷಯದಲ್ಲಿ, ಪಕ್ಕದ ಕೇರಳದಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಬಿಗಿಯಾಗಿ ತೀರ್ಪು ಕೊಟ್ಟಿತು: ನೋಂದಣಿ ಪತ್ರದಲ್ಲಿ ದಾಖಲಾದ ವಿವರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸಕೂಡದು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಆದ್ದರಿಂದ ಕೆಲಸ ಮಾಡಿಸುವ ಮೊದಲು ಆರ್.ಟಿ.ಓ. ಕಚೇರಿಗೆ ಹೋಗಿ ಬರಹದಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಆದರೆ ಈ ಕಾನೂನನ್ನು ನೆನಪಿಸುವವರು ಡೀಸೆಲ್ ಎಂಜಿನ್ ಕೂರಿಸಿದ ದಿನ ಅದನ್ನು ನೆನಪಿಸಿಕೊಂಡಿದ್ದರೇ? ಹೆಂಡತಿಗೆ ಅನುಕೂಲವಾಗುವ ಹೊತ್ತಿಗೆ ಮಾತ್ರ ಕಾನೂನು ಎಚ್ಚರಗೊಳ್ಳುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಕಾನೂನಿನಲ್ಲೇ ಇನ್ನೊಂದು ಮಾತಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆಂದೇ ನಿಯಮ ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಟು ಆಗದ ಸ್ವಂತ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ನಂತರ ನವೀಕರಣಕ್ಕೆ 5,000. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ, ವ್ಯಾಪಾರಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಇಂಧನ ತುಂಬಿಸಲು ತರಬಹುದು ಅಷ್ಟೇ. ಈ ನಿಯಮ ಮಾಡಿದವರಿಗೆ ವಿವೇಕ ಇತ್ತು ಎಂದು ನಾನು ಹೇಳುತ್ತೇನೆ. ಕಾಪಿಡುವ ವಸ್ತು ಬೇರೆ, ದುಡಿಯುವ ವಸ್ತು ಬೇರೆ. ಒಂದನ್ನು ಆರಿಸಿಕೊಳ್ಳಿ ಎಂದು ಅದು ಕೇಳುತ್ತದೆ. ಜೀಪು ಶೆಡ್ಡಿನಲ್ಲಿ ದೇವರಾಗಿಯೂ ಇರಬೇಕು, ಗದ್ದೆಯಲ್ಲಿ ಎತ್ತಾಗಿಯೂ ಇರಬೇಕು ಎಂದರೆ ನಡೆಯುವುದಿಲ್ಲ.

ಕಾಪಿಡುವುದಕ್ಕೆ ನಾನು ವಿರೋಧಿಯಲ್ಲ. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹಕ್ಕೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದವಳೇ ನಾನು. ಅಲ್ಲಿ ಒಂದು ನಟ್ಟೂ ಬದಲಾಗಬಾರದು. ನಮ್ಮ ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಬಹುಕಾಲ ಆರ್.ಟಿ.ಓ. ಕಚೇರಿಯಾಗಿತ್ತು. ಅದನ್ನು ಬಿಡಿಸಿ, ದುರಸ್ತಿ ಮಾಡಿ 2021ರಲ್ಲಿ ಮ್ಯೂಸಿಯಂ ಆಗಿ ತೆರೆದಾಗ ನಮಗೆಲ್ಲ ಹೆಮ್ಮೆಯಾಯಿತು. ಆದರೆ ನಾವು ವಾಸಿಸುವ ಮನೆಗಳನ್ನು ಹಾಗೆ ಇಟ್ಟುಕೊಂಡಿದ್ದೇವೆಯೇ? ನಮ್ಮ ಐನ್‌ಮನೆಗಳ ಮಾಡು ಒಂದು ಕಾಲಕ್ಕೆ ಹುಲ್ಲಿನದು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟ ಹತ್ತಿ ಹಂಚು ಬಂತು. ಆಮೇಲೆ ವಿದ್ಯುತ್ ಬಂತು, ನಲ್ಲಿ ಬಂತು, ಕಕ್ಕಸು ಮನೆಯೊಳಗೇ ಬಂತು. ಹುಲ್ಲಿನ ಮಾಡು ಹೋಯಿತೆಂದು ಗುರುಕಾರೋಣನ ನೆಲ್ಲಕ್ಕಿಯ ದೀಪ ಆರಲಿಲ್ಲ. ಮನೆ ಉಳಿದದ್ದೇ ಬದಲಾದ್ದರಿಂದ. ಬದಲಾಗದ ಎಷ್ಟೋ ಮನೆಗಳಲ್ಲಿ ಇಂದು ಗೆದ್ದಲು ಮಾತ್ರ ವಾಸವಾಗಿದೆ.

ಹೆಂಗಸರಿಗೆ ಅನುಕೂಲವಾದ ಯಂತ್ರವನ್ನು ಮೊದಲು ನಗುವುದು, ಆಮೇಲೆ ತಾವೇ ಬಳಸುವುದು ಹಳೆಯ ಕಥೆ. ಕಾರನ್ನು ಮುಂದೆ ನಿಂತು ಕಬ್ಬಿಣದ ಹಿಡಿಯಿಂದ ತಿರುಗಿಸಿ ಚಾಲು ಮಾಡಬೇಕಿದ್ದ ಕಾಲ ಒಂದಿತ್ತು. ಆ ಹಿಡಿ ಹಿಂದಕ್ಕೆ ಬಡಿದು ಎಷ್ಟೋ ಜನರ ಕೈ ಮುರಿಯಿತು. 1912ರ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಕಾರು ಓಡಿಸಲು ಪೈಲ್ವಾನರಾಗಬೇಕಿಲ್ಲ ಎಂದಾಯಿತು. ನಮ್ಮಲ್ಲಿ 1984ರಲ್ಲಿ ಕೈನೆಟಿಕ್ ಹೋಂಡಾ ಬಂದಾಗ ಕಿಕ್ ಹೊಡೆಯಬೇಕಿಲ್ಲ, ಗೇರು ಹಾಕಬೇಕಿಲ್ಲ ಎಂದು ಟೀಚರುಗಳು, ನರ್ಸುಗಳು, ಬ್ಯಾಂಕಿನ ಹೆಂಗಸರು ಧೈರ್ಯವಾಗಿ ಕೊಂಡರು. “ಲೇಡೀಸ್ ಸ್ಕೂಟರ್” ಎಂದು ನಕ್ಕವರ ಮಕ್ಕಳು ಇಂದು ಓಡಿಸುವುದು ಗೇರಿಲ್ಲದ ಸ್ಕೂಟರನ್ನೇ. ಪವರ್ ಸ್ಟಿಯರಿಂಗ್ ಕೂಡ ಸುಖವಾಸಿಗಳ ಆಟಿಕೆಯಾಗಿ ಹುಟ್ಟಿದ್ದಲ್ಲ. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ ಅದನ್ನು 1920ರ ದಶಕದಲ್ಲಿ ರೂಪಿಸಿದ್ದು ಭಾರದ ಟ್ರಕ್ಕು ಓಡಿಸುವವರ ಕಷ್ಟ ನೋಡಿ. ಯುದ್ಧದಲ್ಲಿ ಸೈನ್ಯದ ದೊಡ್ಡ ವಾಹನಗಳು ಅದನ್ನು ಬಳಸಿದವು. ಮಾರಾಟದ ಕಾರಿಗೆ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಕಂಪನಿಯದರಲ್ಲಿ. ಸೈನಿಕರ ತೋಳಿಗೇ ಬೇಕಾದ ಆಸರೆ ನಮ್ಮ ಅತ್ತಿಗೆಯ ತೋಳಿಗೆ ಬೇಕಾದರೆ ನಾಚಿಕೆ ಏನಿದೆ?

ಒರಿಜಿನಲ್ ಎನ್ನುವವರಿಗೆ ನೆನಪಿಸಬೇಕಾದ ಇನ್ನೊಂದು ಸಂಗತಿ ಇದೆ. ಹಳೆಯ ಜೀಪಿನ ಸ್ಟಿಯರಿಂಗ್ ದಂಡ ಚಕ್ರದಿಂದ ಮುಂದಿನ ಬಾಕ್ಸಿನವರೆಗೆ ಒಂದೇ ಸರಳು. ಎದುರಿನಿಂದ ಬಲವಾಗಿ ಡಿಕ್ಕಿಯಾದರೆ ಅದು ಈಟಿಯಂತೆ ಹಿಂದಕ್ಕೆ, ಓಡಿಸುವವರ ಎದೆಯ ಕಡೆಗೆ ಬರಬಹುದು. ಈ ಕಾರಣಕ್ಕೇ ಡಿಕ್ಕಿಯಾದಾಗ ಮಡಚಿಕೊಳ್ಳುವ ದಂಡವನ್ನು ಕಂಡುಹಿಡಿದರು. ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಇಂಥ ರಕ್ಷಣೆ ಕಡ್ಡಾಯವಾಯಿತು. ಪವರ್ ಸ್ಟಿಯರಿಂಗ್ ಹಾಕಿದ ಮಾತ್ರಕ್ಕೆ ಈ ರಕ್ಷಣೆ ಬಂದುಬಿಡುವುದಿಲ್ಲ, ಅದಕ್ಕೆ ದಂಡವನ್ನೂ ಬದಲಾಯಿಸಬೇಕು. ಹೇಗೂ ಕೆಲಸ ಮಾಡಿಸುವಾಗ ಅದನ್ನೂ ಕೇಳಿ ಮಾಡಿಸಿ. ಅಪ್ಪ ನೆಟ್ಟ ಆಲದ ಮರವೆಂದು ಯಾರೂ ಅದಕ್ಕೆ ನೇಣು ಹಾಕಿಕೊಳ್ಳಬಾರದು ಎಂದು ಹಿರಿಯರು ಹೇಳಿದ್ದು ಇಂಥದ್ದಕ್ಕೇ.

ಬದಲಾಯಿಸುವುದಾದರೆ ಹೇಗೆ ಬದಲಾಯಿಸಬೇಕೆಂಬುದೂ ಮುಖ್ಯ. ಚಾಸಿ ಕೊಯ್ದು, ಮನಬಂದ ಕಡೆ ವೆಲ್ಡಿಂಗ್ ಹೊಡೆದು, ಯಾವುದೋ ಗುಜರಿಯ ಬಾಕ್ಸು ಸಿಕ್ಕಿಸಿದರೆ ಅದು ಆಧುನಿಕವಲ್ಲ, ಅಪಾಯ. ಸ್ಟಿಯರಿಂಗಿನ ದಂಡಕ್ಕಾಗಲಿ ಸಲಾಕೆಗಾಗಲಿ ವೆಲ್ಡಿಂಗ್ ಮಾಡಲು ಬಿಡಬೇಡಿ. ಕೆಲಸ ಬಲ್ಲವರಿಂದ, ನಟ್ಟು ಬೋಲ್ಟಿನಿಂದ ಕೂರುವಂತೆ ಮಾಡಿಸಿ. ತೆಗೆದದ್ದನ್ನು ಗುಜರಿಗೆ ಹಾಕದೆ ಜೋಪಾನವಾಗಿಡಿ, ಮೊಮ್ಮಕ್ಕಳು ಮ್ಯೂಸಿಯಂ ಮಾಡುವುದಾದರೆ ಅವರಿಗೆ ಬೇಕಾಗುತ್ತದೆ. ಇನ್ನೊಂದು ಎಚ್ಚರ: ಎಂಜಿನ್ನಿಗೆ ಪಟ್ಟಿ ಕಟ್ಟಿದ ಪಂಪಿನಿಂದ ನಡೆಯುವ ಪವರ್ ಸ್ಟಿಯರಿಂಗ್ ಎಂಜಿನ್ ನಿಂತ ಕ್ಷಣ ಹಳೆಯದಕ್ಕಿಂತ ಭಾರವಾಗುತ್ತದೆ. ಡೀಸೆಲ್ ಉಳಿಸಲು ಸಂಪಾಜೆ ಘಾಟಿಯ ಇಳಿಜಾರಿನಲ್ಲಿ ಎಂಜಿನ್ ಆರಿಸಿ ಬಿಡುವ ಹಳೆಯ ಚಟ ಇದ್ದವರು ಅದನ್ನು ಅಂದೇ ಬಿಡಬೇಕು.

ಇಷ್ಟಾದ ಮೇಲೂ ಹಳೆಯದೇ ಬೇಕು ಎನ್ನುವವರಿಗೆ ನನ್ನದೊಂದು ಸಲಹೆ ಇದೆ. ಮನೆಯಲ್ಲಿ ಲೈಸೆನ್ಸ್ ಇರುವ ಪ್ರತಿಯೊಬ್ಬರನ್ನೂ, ಅವ್ವ, ಹೆಂಡತಿ, ಮಗಳು, ಸೊಸೆ, ಅರವತ್ತು ದಾಟಿದ ಅಪ್ಪ ಎಲ್ಲರನ್ನೂ, ಒಂದು ಸಂಜೆ ಸರದಿಯಲ್ಲಿ ಆ ಜೀಪಿನಲ್ಲಿ ಕೂರಿಸಿ, ನಿಮ್ಮದೇ ಕಣದಲ್ಲಿ ತಿರುಗಿಸಲು ಹೇಳಿ. ಎಲ್ಲರಿಗೂ ಆದರೆ ನಿಮ್ಮ ಒರಿಜಿನಲ್ಲಿಗೆ ನಾನೂ ಹೂವು ಹಾಕುತ್ತೇನೆ. ಒಬ್ಬರಿಗೆ ಆಗದಿದ್ದರೂ, ಆ ಒಬ್ಬರೇ ಒಂದು ರಾತ್ರಿ ಆ ಮನೆಯಲ್ಲಿ ಒಂಟಿಯಾಗಿರುತ್ತಾರೆ ಎಂದು ನೆನಪಿಟ್ಟುಕೊಂಡು ತೀರ್ಮಾನ ಮಾಡಿ.

ಸೋದರಿಯರಿಗೆ ಹೇಳುವ ಮಾತು ಇನ್ನೂ ಚಿಕ್ಕದು. ನಿಮ್ಮ ಮನೆಯಲ್ಲಿ ಯಾವುದಾದರೂ ವಸ್ತುವನ್ನು “ಬದಲಾಯಿಸಬೇಡ, ಅದು ಹಿಂದಿನಿಂದ ಬಂದದ್ದು” ಎಂದು ಯಾರಾದರೂ ಹೇಳಿದರೆ ಜಗಳ ಮಾಡಬೇಡಿ. ಅದನ್ನು ದಿನಾ ಎತ್ತುವವರು, ತಿರುಗಿಸುವವರು, ರುಬ್ಬುವವರು ಯಾರು ಎಂದು ಮಾತ್ರ ಕೇಳಿ. ಹೇಳಿದವರೇ ಎಂದಾದರೆ ಅವರ ಮಾತು ನಡೆಯಲಿ. ನೀವು ಎಂದಾದರೆ, ಮೆಕ್ಯಾನಿಕ್‌ನ ಫೋನ್ ನಂಬರು ಹುಡುಕಿ ಬರೆದಿಟ್ಟುಕೊಳ್ಳಿ.